ನೀಲಿ ಶಾಲು ಕಪ್ಪಾಗಿದ್ದು ಹೇಗೆ: ಒಂದು ಸೆಲ್ಫ್ ಪೋರ್ಟ್ರೇಟಿನ ಪ್ರಕರಣ

ಇದು ನಾನು ತಪ್ಪಾಗಿ ಓದಿದ ಒಂದು ಚಿತ್ರದ ಕಥೆ. ಚಿತ್ರ ಬರೆದವರು ನನ್ನ ಹಳೆಯ ಡ್ರಾಯಿಂಗ್ ಟೀಚರ್. ಅವರನ್ನು ಕೇಳಿ, ಅವರು ಹೂಂ ಅಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಆದರೂ ಹೆಸರು, ಊರು ಬಿಟ್ಟಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಇಲ್ಲಿ ಅವರು ಬರೀ ಟೀಚರ್. ನಾನು ಈಗ ಚಿತ್ರಕಲೆ ಹೇಳಿಕೊಡುವವನು, ಅಂದರೆ ಈ ತಪ್ಪು ಮಾಡಬಾರದಿದ್ದವನು.

ಹಿನ್ನೆಲೆ

ಟೀಚರಿಗೆ ಆಗ 67 ವರ್ಷ. 30 ವರ್ಷಕ್ಕೂ ಜಾಸ್ತಿ ಕಾಲ ಶಾಲೆಯಲ್ಲಿ ಚಿತ್ರ ಕಲಿಸಿದ್ದರು. ಬಿಡುವು ಸಿಕ್ಕಾಗ ಭಾವಚಿತ್ರ ಬರೆಯುತ್ತಿದ್ದರು, ತೈಲವರ್ಣದಲ್ಲಿ. ಕೇಳಿದವರಿಗೆ ಇಲ್ಲ ಅನ್ನುತ್ತಿರಲಿಲ್ಲ. ನಿವೃತ್ತರಾಗುವ ಹೆಡ್‌ಮಾಸ್ಟರು, ಯಾರದೋ ತೀರಿಕೊಂಡ ಅಜ್ಜ, ಪಕ್ಕದ ಮನೆಯ ಮಗು, ಹೀಗೆ ನೂರಾರು ಮುಖ ಅವರ ಕೈಯಲ್ಲಿ ಹಾದುಹೋಗಿವೆ. ತಮ್ಮ ಮುಖ ಮಾತ್ರ ಒಂದೇ ಸಲ ಬರೆದುಕೊಂಡಿದ್ದರು, 31ನೇ ವಯಸ್ಸಿನಲ್ಲಿ.

ಆ ಹಳೆಯ ಚಿತ್ರ ಅವರ ಮನೆಯ ಹಾಲ್‌ನಲ್ಲೇ ಇತ್ತು. ಅದರಲ್ಲಿ ಟೀಚರ್ ಎಡಗೈಯಲ್ಲಿ ಕುಂಚ ಹಿಡಿದಿದ್ದಾರೆ. ನಿಜಕ್ಕೂ ಅವರದು ಬಲಗೈ. ಹೈಸ್ಕೂಲಿನಲ್ಲಿದ್ದಾಗ ನಾನು ಇದನ್ನು ಕಂಡುಹಿಡಿದು ದೊಡ್ಡ ತಪ್ಪು ಸಿಕ್ಕಿತು ಅಂತ ಬೀಗಿದ್ದೆ. "ಕನ್ನಡಿ ಕಣೋ, ಪೆದ್ದ" ಅಂದಿದ್ದರು. ಆಮೇಲೆ ಗೊತ್ತಾಯಿತು, ಇದು ದೊಡ್ಡ ದೊಡ್ಡವರನ್ನೂ ಕಾಡಿದ ವಿಷಯ. ವ್ಯಾನ್ ಗೋ 1889ರ ಜನವರಿಯಲ್ಲಿ ಬರೆದುಕೊಂಡ ಚಿತ್ರದಲ್ಲಿ ಬ್ಯಾಂಡೇಜು ಬಲಗಿವಿಗೆ ಇರುವಂತೆ ಕಾಣುತ್ತದೆ. ಕೊಯ್ದುಕೊಂಡಿದ್ದು ಎಡಗಿವಿ. ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿರುವ ರೆಂಬ್ರಾಂಟ್‌ನ ಚಿತ್ರಕ್ಕೆ ಎಕ್ಸ್‌ರೇ ಹಿಡಿದಾಗ, ಅವನು ಮೊದಲು ಕನ್ನಡಿಯಲ್ಲಿ ಕಂಡ ಹಾಗೇ ಕುಂಚವನ್ನು ಒಂದು ಕೈಗೆ ಕೊಟ್ಟು, ಆಮೇಲೆ ಇನ್ನೊಂದು ಕೈಗೆ ಬದಲಿಸಿದ್ದು ಕಂಡುಬಂತು. ಟೀಚರ್ ಬದಲಿಸಲಿಲ್ಲ. "ಕಂಡಿದ್ದನ್ನ ಬರೀಬೇಕು" ಅನ್ನುವುದು ಅವರ ಒಂದೇ ಪಾಠ. ಈ ಮಾತು ನೆನಪಿರಲಿ, ಇಡೀ ಪ್ರಕರಣ ನಿಂತಿರುವುದೇ ಇದರ ಮೇಲೆ.

ಅವರ ಯಜಮಾನರ ಬಗ್ಗೆಯೂ ಹೇಳಬೇಕು. ಲೆಕ್ಕ ಬರೆಯುವ ಕೆಲಸದಲ್ಲಿದ್ದವರು, ಚಿತ್ರದ ಗಂಧಗಾಳಿ ಇಲ್ಲ. ಆದರೆ ಮನೆಯಲ್ಲಿ ಅವರಿಗೊಂದು ಕೆಲಸ ಇತ್ತು. ಚಿತ್ರ ಅರ್ಧ ಆದಾಗ ಟೀಚರ್ ಅವರನ್ನು ಕರೆಯುತ್ತಿದ್ದರು, ಅವರು ಬಂದು ಬಾಗಿಲ ಹತ್ತಿರವೇ ನಿಂತು, ಕನ್ನಡಕ ಸರಿಮಾಡಿಕೊಂಡು, "ಬಲಗಣ್ಣು ಮೇಲಿದೆ" ಅಂತಲೋ "ಕುತ್ತಿಗೆ ಹಸಿರಾಯ್ತು" ಅಂತಲೋ ಹೇಳಿ ಹೋಗುತ್ತಿದ್ದರು. ಅಷ್ಟೇ. ಹೊಗಳಿಕೆ ಇಲ್ಲ, ವಿವರಣೆ ಇಲ್ಲ. ಟೀಚರ್ ಮುಖ ಗಂಟಿಕ್ಕಿಕೊಳ್ಳುತ್ತಿದ್ದರು, ಆದರೆ ಮಾರನೇ ದಿನ ನೋಡಿದರೆ ಬಲಗಣ್ಣು ಕೆಳಗಿಳಿದಿರುತ್ತಿತ್ತು.

ಕೊನೆಯ ಎರಡು ವರ್ಷ ಅವರು ಹಾಸಿಗೆ ಹಿಡಿದರು. ಟೀಚರ್ ಕುಂಚ ಮುಟ್ಟಲಿಲ್ಲ. ಯಜಮಾನರು ಹೋದ ಎಂಟು ತಿಂಗಳಿಗೆ ಫೋನ್ ಮಾಡಿ, "ಒಂದು ಕ್ಯಾನ್ವಾಸ್ ಬೇಕು, ನಾನೇ ಕೂತ್ಕೋತೀನಿ" ಅಂದರು. ಯಾರು ಕೂರುತ್ತಾರೆ ಅಂತ ಅರ್ಥ ಆಗಲು ನನಗೆ ಒಂದು ಕ್ಷಣ ಬೇಕಾಯಿತು.

ಚಿತ್ರ

ಬೀರುವಿನ ಬಾಗಿಲ ಕನ್ನಡಿ, ಎದುರಿಗೆ ಮರದ ಕುರ್ಚಿ, ಎಡಗಡೆ ಕಿಟಕಿ. ಮೈಮೇಲೆ ಒಂದು ಕಡುನೀಲಿ ಶಾಲು. ಮೊದಲ ದಿನ ನಾನೂ ಹೋಗಿದ್ದೆ. ಅವರು ಸೋಪಿನ ಚೂರಿನಿಂದ ಕನ್ನಡಿಯ ಮೇಲೆ ತಮ್ಮ ಮುಖದ ಅಂಚನ್ನು ಗುರುತು ಮಾಡಿ ನನಗೆ ತೋರಿಸಿದರು. ಕನ್ನಡಿಯ ಮೇಲಿನ ಆ ಗೆರೆ ನಿಜವಾದ ಮುಖದ ಸರಿಯಾಗಿ ಅರ್ಧ ಅಳತೆ ಇರುತ್ತದೆ. ಹತ್ತಿರ ಹೋದರೂ ಅರ್ಧ, ದೂರ ನಿಂತರೂ ಅರ್ಧ. ನಂಬಿಕೆ ಬರದಿದ್ದರೆ ಒಮ್ಮೆ ಮಾಡಿ ನೋಡಿ, ನಾನೂ ನಂಬಿರಲಿಲ್ಲ. ದಿನಾ ನೋಡುವ ವಸ್ತುವನ್ನು ನಾವು ನೋಡೇ ಇರುವುದಿಲ್ಲ ಅನ್ನುವುದಕ್ಕೆ ಅವರು ಶಾಲೆಯಲ್ಲೂ ಇದೇ ಆಟ ಆಡಿಸುತ್ತಿದ್ದರು.

ಸುಮಾರು ನಾಲ್ಕು ತಿಂಗಳು ಬರೆದರು. ಮುಗಿದಾಗ ನೋಡಿ ನಾನು ಸುಮ್ಮನಾಗಿಬಿಟ್ಟೆ. ಚಿತ್ರ ಚೆನ್ನಾಗಿತ್ತು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ನನಗೆ ಗೊತ್ತಿದ್ದ ಟೀಚರ್ ಕೈ ಅಲ್ಲ. ಅವರ ನೆರಳುಗಳು ಯಾವಾಗಲೂ ತಂಪು, ತೆಳು ನೀಲಿ ಬೆರೆತ ಬೂದು. ಇಲ್ಲಿ ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಕುತ್ತಿಗೆಯಲ್ಲಿ ಎಲ್ಲ ಕಂದು. ಅಂಚುಗಳು ಮಂಜು ಕವಿದ ಹಾಗೆ ಮೆತ್ತಗೆ. ಶಾಲು ಕಪ್ಪು, ಮಡಿಕೆಯೇ ಕಾಣದಷ್ಟು ಕಪ್ಪು. ಆ ಕತ್ತಲೆಯ ಮೇಲೆ ಬಿಳಿ ಕೂದಲಿನ ತಲೆ ತೇಲುತ್ತಿದೆ. ಎಡ ದವಡೆಯ ಕೆಳಗೆ ಮಾತ್ರ, ಹೆಬ್ಬೆಟ್ಟಿನಷ್ಟು ಜಾಗದಲ್ಲಿ, ಎಲ್ಲಿಂದಲೋ ಬಂದು ಕೂತಂಥ ಗಾಢ ನೀಲಿ.

ನೋಡಿದವರೆಲ್ಲ ಒಂದೇ ಮಾತು ಹೇಳಿದರು. ದುಃಖ. ಮಗಳು ಕಣ್ಣೊರೆಸಿಕೊಂಡಳು. ನಾನು ಒಂದು ಸಣ್ಣ ಗುಂಪು ಪ್ರದರ್ಶನದಲ್ಲಿ ಅದನ್ನು ತೂಗುಹಾಕಿ, ಪಕ್ಕದಲ್ಲಿ ಅರ್ಧ ಪುಟ ಬರೆದೆ: ಕಪ್ಪು ಶಾಲು ಒಳಗಿನ ಕತ್ತಲೆ, ದವಡೆಯ ಕೆಳಗಿನ ನೀಲಿ ಇನ್ನೂ ಆರದ ಭರವಸೆ. ಹೌದು, ನಿಜವಾಗಿಯೂ ಹಾಗೇ ಬರೆದಿದ್ದೆ. ಜನ ಆ ನೀಲಿಯ ಹತ್ತಿರ ಬಗ್ಗಿ ನೋಡಿ ತಲೆದೂಗುತ್ತಿದ್ದರು.

ಇಂಥ ಓದಿಗೆ ನಮಗೆ ಅಭ್ಯಾಸ ಆಗಿಬಿಟ್ಟಿದೆ, ಅಲ್ವಾ? ಫ್ರೀಡಾ ಕಾಹ್ಲೋ ಅಂದರೆ 1925ರ ಬಸ್ ಅಪಘಾತ, ವ್ಯಾನ್ ಗೋ ಅಂದರೆ ಕಿವಿ. ಅವರ ಚಿತ್ರದಲ್ಲಿ ಬದುಕು ಇದೆ ನಿಜ, ಸುಳ್ಳಲ್ಲ. ಆದರೆ ವ್ಯಾನ್ ಗೋ ಪ್ಯಾರಿಸ್‌ನಲ್ಲಿ ಇದ್ದಾಗ ತನ್ನ ಮುಖವನ್ನೇ ಮತ್ತೆ ಮತ್ತೆ ಬರೆದದ್ದಕ್ಕೆ ಇನ್ನೊಂದು ಕಾರಣ, ಮಾಡೆಲ್‌ಗೆ ಕೊಡಲು ಕಾಸಿಲ್ಲದ್ದು. ಈ ಕಾರಣ ಯಾರಿಗೂ ರುಚಿಸುವುದಿಲ್ಲ, ಮರೆತುಬಿಡುತ್ತೇವೆ.

ತೊಂದರೆ ಗೊತ್ತಾಗಿದ್ದು

ಪ್ರದರ್ಶನ ಮುಗಿದ ಸಂಜೆ ಟೀಚರ್ ನನ್ನ ಬರಹವನ್ನು ಎರಡು ಸಲ ಓದಿದರು. ಕನ್ನಡಕ ಇಲ್ಲದೆ. ಆಮೇಲೆ ಕೇಳಿದರು, "ಎಲ್ಲ ಸರಿ, ಕಪ್ಪು ಶಾಲು ಅಂತ ಯಾಕೆ ಬರೆದೆ? ನನ್ನದು ನೀಲಿ ಶಾಲು."

ನಾನು ನಕ್ಕೆ. ಶಾಲು ನೀಲಿ, ಚಿತ್ರದಲ್ಲಿ ಕಪ್ಪು ಮಾಡಿದ್ದೀರಲ್ಲ ಟೀಚರ್, ಅದನ್ನೇ ಬರೆದದ್ದು ಅಂದೆ. ಅವರು ನಗಲಿಲ್ಲ. "ಚಿತ್ರದಲ್ಲೂ ನೀಲಿನೇ ಇದೆಯಲ್ಲೋ" ಅಂದರು.

ಆ ಹೊತ್ತಿಗೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೆಚ್ಚು ಕಡಿಮೆ ಐದು ತಿಂಗಳು ಹೊಳೆಯಲಿಲ್ಲ. ದುಃಖದಲ್ಲಿರುವವರು ಏನಾದರೂ ಅನ್ನುತ್ತಾರೆ ಅಂದುಕೊಂಡೆ, ಇನ್ನೂ ಸ್ವಲ್ಪ ಮುಂದೆ ಹೋಗಿ, ಅವರು ಹೇಳುತ್ತಿರುವ ನೀಲಿ ಒಳಗಿನ ನೀಲಿ ಇರಬೇಕು ಅಂತಲೂ ಅಂದುಕೊಂಡೆ. ನನ್ನ ಅರ್ಧ ಪುಟಕ್ಕೆ ನಾನೇ ಮರುಳಾಗಿದ್ದೆ.

ಮಾಡಿ ನೋಡಿದ್ದು

ಆಮೇಲಿನ ತಿಂಗಳುಗಳಲ್ಲಿ ಟೀಚರ್ ಒಂದೆರಡು ಹಣ್ಣಿನ ಚಿತ್ರ, ಒಂದು ಹುಡುಗಿಯ ಮುಖ ಬರೆದರು. ಅವೂ ಕಂದಾದವು. ಹುಡುಗಿಗೆ ಯಾವ ದುಃಖವೂ ಇರಲಿಲ್ಲ, ಪಾಪ. ಆಗ ನನಗೆ ಸ್ವಲ್ಪ ಕಸಿವಿಸಿ ಶುರುವಾಯಿತು, ಆದರೂ ನಾನು ಹುಡುಕಿದ್ದು ಕೋಣೆಯಲ್ಲಿ.

ಮೊದಲು ಬಲ್ಬು. ಅವರು ಸಂಜೆ ಹೊತ್ತು ಹಳದಿ ಬೆಳಕಿನ ಹಳೇ ಬಲ್ಬಿನ ಕೆಳಗೆ ಕೆಲಸ ಮಾಡುತ್ತಿದ್ದರು. ಅಂಥ ಬೆಳಕಿನಲ್ಲಿ ನೀಲಿ ಅಂಶ ಕಡಿಮೆ, ನೀಲಿಯ ಛಾಯೆಗಳು ಸರಿಯಾಗಿ ಬೇರೆಯಾಗುವುದಿಲ್ಲ. ನಾನು 5000 ಕೆಲ್ವಿನ್‌ನ ಬಿಳಿ ದೀಪ ತಂದು ಹಾಕಿದೆ. ಎರಡೇ ದಿನಕ್ಕೆ ತೆಗೆಸಿದರು. "ಕಣ್ಣು ಕುಕ್ಕುತ್ತೆ, ಎದುರಿಗೆ ಬಟ್ಟೆ ಕಟ್ಟಿದ ಹಾಗೆ ಆಗುತ್ತೆ" ಅಂದರು. ಹೊಸ ದೀಪ, ಒಗ್ಗಿಲ್ಲ ಅಂದುಕೊಂಡೆ.

ಆಮೇಲೆ ಬಣ್ಣದ ಟ್ಯೂಬು. ಟೀಚರ್ ಕಪ್ಪನ್ನು ಟ್ಯೂಬಿನಿಂದ ತೆಗೆಯುವವರಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಅಂಬರ್ ಎಂಬ ಕಂದು ಬೆರೆಸಿ ಗಾಢ ಬಣ್ಣ ಮಾಡಿಕೊಳ್ಳುತ್ತಾರೆ. ನೀಲಿ ಜಾಸ್ತಿಯಾದರೆ ತಂಪು ಕಪ್ಪು, ಕಂದು ಜಾಸ್ತಿಯಾದರೆ ಬೆಚ್ಚಗಿನ ಕಪ್ಪು, ಸಮವಾದರೆ ಯಾವ ಕಡೆಗೂ ವಾಲದ ಕತ್ತಲು. ನನ್ನ ತಲೆಮಾರಿನ ಅರ್ಧ ಮಕ್ಕಳು ಇದನ್ನು ಅವರಿಂದಲೇ ಕಲಿತದ್ದು. ನೀಲಿ ಟ್ಯೂಬು ಹಳೆಯದಾಗಿ ಸತ್ವ ಹೋಗಿರಬೇಕು ಅಂತ ಹೊಸದು ತಂದುಕೊಟ್ಟೆ. ಏನೂ ಬದಲಾಗಲಿಲ್ಲ. ಬದಲಾಗಿದ್ದು ಒಂದೇ, ಮುಂದಿನ ಚಿತ್ರದಲ್ಲೂ ಅಲ್ಲೊಂದು ಇಲ್ಲೊಂದು ಗಾಢ ನೀಲಿ ಮಚ್ಚೆ ಬಂತು.

ಮೂರನೆಯದು ಕನ್ನಡಕ. ಇದನ್ನು ಹೇಳಲು ನಾಚಿಕೆ. ಕಣ್ಣು ತೋರಿಸಿಕೊಳ್ಳಿ ಟೀಚರ್ ಅಂದಾಗ ಅವರು ಹೆಮ್ಮೆಯಿಂದ, "ನನ್ನ ಕಣ್ಣಿನ ವಯಸ್ಸು ಹಿಂದೆ ಹೋಗ್ತಾ ಇದೆ ಕಣೋ, ಓದೋ ಕನ್ನಡಕ ಬಿಟ್ಟು ಒಂದು ವರ್ಷ ಆಯ್ತು" ಅಂದರು. ಪೇಪರಿನ ಸಣ್ಣ ಅಕ್ಷರ ಓದಿ ತೋರಿಸಿದರು. ನಾನು ಸೋತು ಸುಮ್ಮನಾದೆ. ಹತ್ತಿರದ ಅಕ್ಷರ ಕನ್ನಡಕ ಇಲ್ಲದೆ ಓದುವವರಿಗೆ ಕಣ್ಣಿನ ತೊಂದರೆ ಏನಿರುತ್ತದೆ?

ಇರುತ್ತದೆ. ಅದನ್ನು ಆಮೇಲೆ ಡಾಕ್ಟರು ಹೇಳಿದರು.

ತಿರುವು

ಆ ದಿನ ನಾನು ಚಿತ್ರಕ್ಕೆ ಫ್ರೇಮು ಅಳೆಯಲು ಹೋಗಿದ್ದೆ. ಟೀಚರ್ ಅದೇ ಶಾಲು ಹೊದ್ದಿದ್ದರು. ಬೆಳಗಿನ ಬಿಸಿಲು ಕಿಟಕಿಯಿಂದ ನೇರ ಬೀಳುತ್ತಿತ್ತು. ಏನೋ ಮಾತಿಗೆ ಮತ್ತೆ ಶಾಲಿನ ವಿಷಯ ಬಂತು, ಅವರು ಸಿಟ್ಟಿನಿಂದಲೇ ಎದ್ದು ಬಂದು ಶಾಲಿನ ಸೆರಗನ್ನು ಚಿತ್ರದ ಶಾಲಿನ ಮೇಲೆ ಒತ್ತಿ ಹಿಡಿದರು. "ನೋಡು, ಎಲ್ಲಿ ವ್ಯತ್ಯಾಸ?"

ನನ್ನ ಕಣ್ಣೆದುರು ಕಡುನೀಲಿ ಉಣ್ಣೆ, ಅದರ ಪಕ್ಕ ಕಾಫಿ ಗಸಿಯಂಥ ಕಪ್ಪು ಬಣ್ಣ. ಮೂರು ವರ್ಷದ ಮಗುವೂ ಬೇರೆ ಬೇರೆ ಅನ್ನುತ್ತಿತ್ತು. ಟೀಚರ್ ಮಾತ್ರ ನನ್ನ ಮುಖ ನೋಡುತ್ತಾ, ಒಪ್ಪಿಕೋ ಅನ್ನುವ ಹಾಗೆ ಕಾಯುತ್ತಾ ನಿಂತಿದ್ದರು. ಅವರು ಕವಿತೆ ಹೇಳುತ್ತಿರಲಿಲ್ಲ. ಅವರಿಗೆ ಎರಡೂ ಒಂದೇ ಬಣ್ಣವಾಗಿ ಕಾಣುತ್ತಿತ್ತು.

ಮಾರನೇ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಎರಡೂ ಕಣ್ಣಿಗೆ ಪೊರೆ. ಪೊರೆ ಅಂದ ತಕ್ಷಣ ನಾವು ಬಿಳಿ ಪರದೆ ಅಂದುಕೊಳ್ಳುತ್ತೇವೆ, ಆದರೆ ವಯಸ್ಸಾದಂತೆ ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾಗಿ, ಹಳದಿಯಾಗಿ, ಆಮೇಲೆ ಕಂದಾಗುವ ಬಗೆಯೂ ಇದೆ. ಹಳದಿ ಮಸೂರ ಮೊದಲು ನುಂಗುವುದು ನೀಲಿ ಬೆಳಕನ್ನು. ವರ್ಷಗಟ್ಟಲೆ ನಿಧಾನಕ್ಕೆ ಆಗುವುದರಿಂದ ಮಿದುಳು ಹೊಂದಿಕೊಳ್ಳುತ್ತಾ ಹೋಗುತ್ತದೆ, ಏನೋ ಬದಲಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಇದೇ ಬಗೆಯ ಪೊರೆಯಲ್ಲಿ ಮಸೂರದ ಶಕ್ತಿ ಬದಲಾಗಿ, ಕೆಲವರಿಗೆ ಸ್ವಲ್ಪ ಕಾಲ ಹತ್ತಿರದ್ದು ಕನ್ನಡಕ ಇಲ್ಲದೇ ಕಾಣತೊಡಗುತ್ತದೆ. ಟೀಚರ್ ಹೆಮ್ಮೆಪಟ್ಟ ಹೊಸ ದೃಷ್ಟಿ ಅದೇ. ಬಿಳಿ ದೀಪ ಕುಕ್ಕಿದ್ದು, ಬಟ್ಟೆ ಕಟ್ಟಿದ ಹಾಗೆ ಆಗಿದ್ದು, ಚಿತ್ರದ ಅಂಚು ಮಂಜಾದದ್ದು, ಎಲ್ಲಕ್ಕೂ ಒಂದೇ ಕಾರಣ. ಸುಳಿವುಗಳು ಒಂದೊಂದಾಗಿ ನನ್ನ ಕೈಗೇ ಬಂದಿದ್ದವು, ಒಂದೊಂದನ್ನೂ ನಾನು ಬೇರೆ ಜೇಬಿಗೆ ಹಾಕಿಕೊಂಡಿದ್ದೆ.

ಇಲ್ಲಿ ಒಂದು ಗಂಟು

ವಾಪಸ್ ಬರುವಾಗ ಟೀಚರ್ ಕೇಳಿದ ಪ್ರಶ್ನೆಗೆ ನನಗೆ ತಕ್ಷಣ ಉತ್ತರ ಸಿಗಲಿಲ್ಲ. "ಕನ್ನಡಿನೂ ಅದೇ ಹಳದಿ ಗಾಜಲ್ಲಿ ನೋಡ್ದೆ, ಕ್ಯಾನ್ವಾಸೂ ಅದೇ ಗಾಜಲ್ಲಿ ನೋಡ್ದೆ. ಅಲ್ಲಿಂದಲ್ಲಿಗೆ ಸರಿಹೋಗಬೇಕಲ್ಲ? ಚಿತ್ರ ಯಾಕೆ ಹಾಳಾಗಬೇಕು?"

ನ್ಯಾಯವಾದ ಪ್ರಶ್ನೆ. ಎಲ್ ಗ್ರೆಕೋ ಉದ್ದುದ್ದ ಮನುಷ್ಯರನ್ನು ಬರೆದದ್ದು ಕಣ್ಣಿನ ದೋಷದಿಂದ ಅನ್ನುವ ವಾದವನ್ನು ಇದೇ ತರ್ಕ ಹೊಡೆದುಹಾಕುತ್ತದೆ. ಲೋಕ ಉದ್ದ ಕಂಡರೆ ಕ್ಯಾನ್ವಾಸೂ ಉದ್ದ ಕಾಣಬೇಕು, ಎರಡೂ ಒಂದನ್ನೊಂದು ಕಳೆದುಕೊಳ್ಳುತ್ತವೆ. ಟೀಚರ್ ಚಿತ್ರದಲ್ಲೂ ಒಂದು ಭಾಗ ಹಾಗೆ ಕಳೆದುಹೋಗಿತ್ತು. ಅದಕ್ಕೇ ಕೂದಲು ಸರಿಯಾದ ಬಿಳಿ. ಬಿಳಿ ಕೂದಲೂ ಹಳದಿ ಕಂಡಿತು, ಬಿಳಿ ಬಣ್ಣವೂ ಅಷ್ಟೇ ಹಳದಿ ಕಂಡಿತು, ಹೊಂದಿಕೆಯಾಯಿತು.

ಆದರೆ ಬಣ್ಣದ ವಿಷಯದಲ್ಲಿ ಇನ್ನೊಂದು ಆಗುತ್ತದೆ. ನೀಲಿ ಬೆಳಕು ಒಳಗೇ ಬರದಿದ್ದರೆ, ಕಡುನೀಲಿಗೂ ಕಡುಕಂದಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಎರಡೂ ಬರೀ ಗಾಢ. ಅಲ್ಟ್ರಾಮರೀನ್ ಮತ್ತು ಅಂಬರ್ ಬೆರೆಸುವಾಗ ಯಾವುದು ಎಷ್ಟಾಯಿತು ಅನ್ನುವುದನ್ನು ಹೇಳಬೇಕಾದ ಕಣ್ಣು ಸುಮ್ಮನಿದ್ದರೆ, ಕೈ ತನಗೆ ತೋಚಿದಷ್ಟು ಹಾಕುತ್ತದೆ. ಹಾಗಾಗಿ ತಪ್ಪು ಒಂದೇ ಕಡೆಗೆ ಇರಬೇಕಿಲ್ಲ. ಹೆಚ್ಚಿನ ಸಲ ಕಂದು ಜಾಸ್ತಿಯಾಯಿತು, ಒಮ್ಮೆ ನೀಲಿ ಜಾಸ್ತಿಯಾಯಿತು. ಆ ಒಮ್ಮೆ ಆಗಿದ್ದೇ ದವಡೆಯ ಕೆಳಗಿನ ಹೆಬ್ಬೆಟ್ಟಿನಷ್ಟು ನೀಲಿ. ನಾನು ಭರವಸೆ ಅಂತ ಬರೆದದ್ದು ಸರಿಯಾಗಿ ಬೆರೆಯದ ಬಣ್ಣ. ಕಂದನ್ನು ಹಾಗೋ ಹೀಗೋ ದುಃಖ ಅನ್ನಬಹುದಿತ್ತು, ಆ ನೀಲಿ ಮಾತ್ರ ಯಾವ ಕಥೆಗೂ ಕೂರುತ್ತಿರಲಿಲ್ಲ, ಕೂರಿಸಿದವನು ನಾನು.

ಕ್ಲೋದ್ ಮೋನೆಗೂ ಹೀಗೇ ಆಗಿತ್ತು. 1912ರಲ್ಲಿ ಪೊರೆ ಗೊತ್ತಾಯಿತು, ಹೆದರಿ ಮುಂದೂಡುತ್ತಾ ಬಂದು 1923ರಲ್ಲಿ ಬಲಗಣ್ಣಿನ ಆಪರೇಷನ್ ಮಾಡಿಸಿಕೊಂಡ. ಆ ನಡುವೆ ಟ್ಯೂಬಿನ ಮೇಲಿನ ಹೆಸರು ನೋಡಿ, ಪ್ಯಾಲೆಟ್ಟಿನಲ್ಲಿ ಬಣ್ಣವಿಡುವ ಕ್ರಮ ನಂಬಿ ಬರೆದ. ಆಪರೇಷನ್ ಆದ ಮೇಲೆ ಎಲ್ಲ ಅತಿಯಾಗಿ ನೀಲಿ ಕಾಣುತ್ತದೆ ಅಂತ ಗೋಳಾಡಿದ. ಕೆಲವು ಕ್ಯಾನ್ವಾಸ್‌ಗಳನ್ನು ತಿದ್ದಿದ, ಕೆಲವನ್ನು ನಾಶ ಮಾಡಿದ. ಇದನ್ನು ನಾನು ಟೀಚರಿಗೆ ಹೇಳಿದೆ. ಕೊನೆಯ ವಾಕ್ಯ ಮಾತ್ರ ನುಂಗಿಕೊಂಡೆ.

ಎರಡು ಕಣ್ಣು, ಆರು ವಾರ

ಮೊದಲು ಬಲಗಣ್ಣಿನ ಪೊರೆ ತೆಗೆಸಿದರು. ಎಡಗಣ್ಣಿನದು ಆರು ವಾರ ಬಿಟ್ಟು. ಪಟ್ಟಿ ಬಿಚ್ಚಿ ಮನೆಗೆ ಬಂದವರು ನೇರ ಚಿತ್ರದ ಮುಂದೆ ನಿಂತು, "ಇದನ್ನ ಯಾರು ಮಾಡಿದ್ದು?" ಅಂದರು. ದನಿಯಲ್ಲಿ ತಮಾಷೆ ಇರಲಿಲ್ಲ. ಆಮೇಲೆ ಬಣ್ಣ ಕೆರೆಯುವ ಪ್ಯಾಲೆಟ್ ನೈಫ್ ಎಲ್ಲಿದೆ ಅಂತ ಹುಡುಕತೊಡಗಿದರು.

ಇದು ಎರಡನೇ ತಿರುವು, ಇಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಇದೆ. ಕೆರೆಯಬೇಡಿ ಅನ್ನಲಿಲ್ಲ, ಎರಡನೇ ಕಣ್ಣು ಆಗುವ ತನಕ ಮುಟ್ಟಬೇಡಿ ಅಂದೆ. ಬೇಡ ಅಂದಿದ್ದರೆ ಕೆರೆದೇ ಬಿಡುತ್ತಿದ್ದರು, ನನಗೆ ಗೊತ್ತು. ಮತ್ತೆ ಸುಮ್ಮನೆ ಕಾಯಿರಿ ಅಂದರೂ ಕೂರುವವರಲ್ಲ, ಅದಕ್ಕೇ ಒಂದು ಕೆಲಸ ಕೊಟ್ಟೆ. ಈಗ ನಿಮ್ಮ ಹತ್ತಿರ ಒಂದು ಹೊಸ ಕಣ್ಣು, ಒಂದು ಹಳೇ ಕಣ್ಣು ಇದೆ, ಇದು ಆರು ವಾರ ಮಾತ್ರ, ಎರಡನ್ನೂ ಬರೆದಿಡಿ ಅಂದೆ.

ಬರೆದಿಟ್ಟರು. ಒಂದು ಉದ್ದನೆಯ ರಟ್ಟಿನ ಮೇಲೆ ಎರಡು ಸಾಲು ಚೌಕ. ಮೇಲಿನ ಸಾಲಿಗೆ ಎಡಗಣ್ಣು ಮುಚ್ಚಿ, ಹೊಸ ಕಣ್ಣಿನಲ್ಲಿ ಶಾಲನ್ನು ನೋಡಿ ಬೆರೆಸಿದ ಬಣ್ಣ. ಕೆಳಗಿನ ಸಾಲಿಗೆ ಹಳೇ ಕಣ್ಣಿನಲ್ಲಿ ನೋಡಿ ಬೆರೆಸಿದ್ದು. ಶಾಲು, ಕಣ್ಣಿನ ಕೆಳಗಿನ ನೆರಳು, ತುಟಿ, ಕೂದಲು, ಕುರ್ಚಿಯ ಮರ, ಗೋಡೆ. ಕೂದಲು ಮತ್ತು ಮರದ ಚೌಕಗಳು ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ. ಶಾಲಿನ ಚೌಕಗಳಲ್ಲಿ ಮೇಲಿನದು ರಾತ್ರಿಯ ಆಕಾಶದ ನೀಲಿ, ಕೆಳಗಿನದು ಅದೇ ಕಾಫಿ ಗಸಿ. ರಟ್ಟಿನ ಅಂಚಿನಲ್ಲಿ ಪೆನ್ಸಿಲಿನಿಂದ, ಶಾಲೆಯಲ್ಲಿ ನಮ್ಮ ಪುಸ್ತಕಕ್ಕೆ ಬರೆಯುತ್ತಿದ್ದ ಅಕ್ಷರದಲ್ಲೇ, 'ಎಡಗಣ್ಣಿಗೆ ಸೊನ್ನೆ' ಅಂತ ಬರೆದಿದ್ದರು.

ಇನ್ನೊಂದನ್ನೂ ಮಾಡಿದರು, ಅದು ನಾನು ಹೇಳಿದ್ದಲ್ಲ. ದಿನಾ ಬೆಳಗ್ಗೆ ಚಿತ್ರದ ಮುಂದೆ ಕೂತು ಬಲಗಣ್ಣು ಮುಚ್ಚಿ ಹಳೇ ಕಣ್ಣಿನಿಂದ ನೋಡುತ್ತಿದ್ದರು. ಹಾಗೆ ನೋಡಿದರೆ ಚಿತ್ರ ಸರಿಯಾಗಿಯೇ ಇತ್ತಂತೆ. "ಇದೇ ನಾನು ಬರೆದದ್ದು. ಸುಳ್ಳು ಬರೀಲಿಲ್ಲ" ಅಂದರು. ಎರಡನೇ ಆಪರೇಷನ್ನಿನ ಹಿಂದಿನ ಸಂಜೆ ತುಂಬಾ ಹೊತ್ತು ಕೂತಿದ್ದರಂತೆ, ಮಗಳು ಹೇಳಿದಳು. ಮಾರನೇ ದಿನದಿಂದ ಆ ಚಿತ್ರವನ್ನು ಹಾಗೆ ನೋಡಬಲ್ಲ ಕಣ್ಣು ಇರುವುದಿಲ್ಲ.

ಆಮೇಲೆ

ಎರಡೂ ಕಣ್ಣು ಸರಿಯಾದ ಮೇಲೆ ಹೊಸ ಕ್ಯಾನ್ವಾಸಿನ ಮೇಲೆ ಮತ್ತೆ ಶುರುಮಾಡಿದರು. ಅದೇ ಕನ್ನಡಿ, ಅದೇ ಶಾಲು. ಮೂರು ದಿನ ಕೂತು ಬಿಟ್ಟರು. ಬಣ್ಣ ಎಲ್ಲ ಸರಿಯಿತ್ತು, ನೆರಳು ತಂಪಾಗಿತ್ತು, ಶಾಲು ನೀಲಿಯಿತ್ತು. ಆದರೆ ಮುಖದ ತುಂಬ ಸುಕ್ಕು. ಪೊರೆ ತೆಗೆಸಿದವರು ಮೊದಲು ಗಮನಿಸುವುದು ಮನೆಯ ಧೂಳು ಮತ್ತು ತಮ್ಮ ಸುಕ್ಕು ಅಂತ ಕೇಳಿದ್ದೆ, ಇಲ್ಲಿ ಕಣ್ಣಾರೆ ಕಂಡೆ. ಒಂದೊಂದು ಗೆರೆಯನ್ನೂ ಬಿಡದೆ ಬರೆದಿದ್ದರು, ನಕ್ಷೆ ಬರೆದ ಹಾಗೆ. "ಇಷ್ಟೆಲ್ಲ ಯಾವಾಗ ಬಂತೋ?" ಅಂತ ನಕ್ಕು ಅದನ್ನು ಗೋಡೆಗೆ ಮುಖ ಮಾಡಿ ಇಟ್ಟರು. ಅದು ಈಗಲೂ ಹಾಗೇ ಇದೆ. ನನ್ನನ್ನು ಕೇಳಿದರೆ, ಬಣ್ಣ ತಪ್ಪಿದ ಮೊದಲನೆಯದೇ ಒಳ್ಳೆಯ ಚಿತ್ರ.

ಕಪ್ಪು ಶಾಲಿನ ಚಿತ್ರವನ್ನು ಏನು ಮಾಡುವುದು ಅನ್ನುವ ಬಗ್ಗೆ ನಮಗೆ ಜಗಳವೇ ಆಯಿತು. ಒಂದು ಕೂದಲೆಳೆಯಷ್ಟೂ ಮುಟ್ಟಬಾರದು ಅನ್ನುವುದು ನನ್ನ ವಾದ. ಶಾರ್ದಾಂ ಅನ್ನುವ ಫ್ರೆಂಚ್ ಕಲಾವಿದ ಕಣ್ಣಿಗೆ ತೊಂದರೆಯಾಗಿ ತೈಲವರ್ಣ ಬಿಟ್ಟು ಪ್ಯಾಸ್ಟೆಲ್ ಹಿಡಿದು, 1771ರಲ್ಲಿ ಕನ್ನಡಕ ಹಾಕಿಕೊಂಡ ತನ್ನನ್ನೂ 1775ರಲ್ಲಿ ಕಣ್ಣಿಗೆ ನೆರಳಿನ ಪಟ್ಟಿ ಕಟ್ಟಿಕೊಂಡ ತನ್ನನ್ನೂ ಬರೆದುಕೊಂಡ, ಕಣ್ಣಿನ ತೊಂದರೆಯೂ ಬದುಕೇ ಅಲ್ವಾ ಟೀಚರ್, ಇರಲಿ ಬಿಡಿ ಅಂದೆ. "ಅವನಿಗೆ ತೊಂದರೆ ಇದೆ ಅಂತ ಗೊತ್ತಿತ್ತು. ಗೊತ್ತಿದ್ದು ಬರೆದ. ನನಗೆ ಗೊತ್ತಿರಲಿಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವರು ಕೊನೆಗೆ ಮಾಡಿದ್ದು ಇಷ್ಟು. ಮೊದಲು ಚಿತ್ರ ಇದ್ದ ಹಾಗೇ ಚೆನ್ನಾಗಿ ಫೋಟೋ ತೆಗೆಸಿದರು, ರಟ್ಟನ್ನು ಅದರ ಹಿಂಬದಿಗೆ ಅಂಟಿಸಿದರು. ಮುಖವನ್ನು, ನೆರಳನ್ನು, ದವಡೆಯ ಕೆಳಗಿನ ಆ ನೀಲಿ ಮಚ್ಚೆಯನ್ನೂ ಮುಟ್ಟಲಿಲ್ಲ. ಶಾಲಿನ ಒಂದು ಮಡಿಕೆಗೆ ಮಾತ್ರ, ಹೆಗಲ ಮೇಲಿಂದ ಇಳಿಯುವ ಮೇಲಿನ ಮಡಿಕೆಗೆ, ನೀಲಿ ಹಚ್ಚಿದರು. ಕಿಟಕಿಯ ಬೆಳಕು ಬಿದ್ದ ಜಾಗ ಅದು. ಮಿಕ್ಕಿದ್ದೆಲ್ಲ ಕಪ್ಪಾಗಿಯೇ ಇದೆ. ಚಿತ್ರದ ದೃಷ್ಟಿಯಿಂದ ಇದು ಸರಿಯೋ ತಪ್ಪೋ ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಒಂದು ದಿನ ಸರಿ ಅನಿಸುತ್ತದೆ, ಇನ್ನೊಂದು ದಿನ ಕಣ್ಣಿಗೆ ಚುಚ್ಚುತ್ತದೆ.

ಈ ಪ್ರಕರಣದಿಂದ ನನ್ನ ಪಾಠದಲ್ಲಿ ಒಂದು ಬದಲಾವಣೆ ಆಗಿದೆ. ಯಾರದೇ ಸೆಲ್ಫ್ ಪೋರ್ಟ್ರೇಟ್ ಮುಂದಿಟ್ಟು ಮಾತಾಡುವಾಗ ಮಕ್ಕಳು ಬದುಕಿನ ಕಥೆಗೆ ಹಾರುವ ಮೊದಲು ಕೇಳಿಸುತ್ತೇನೆ: ಕನ್ನಡಿ ಎಲ್ಲಿತ್ತು, ಬೆಳಕು ಯಾವುದು, ಟ್ಯೂಬಿನಲ್ಲಿ ಏನಿತ್ತು, ಬರೆದವರ ವಯಸ್ಸೆಷ್ಟು, ಕಣ್ಣು ಹೇಗಿತ್ತು, ಪಕ್ಕದಲ್ಲಿ ನಿಂತು ತಪ್ಪು ಹೇಳುವವರು ಯಾರಾದರೂ ಇದ್ದರಾ. ಕೊನೆಯ ಪ್ರಶ್ನೆ ಮುಖ್ಯ. ಯಜಮಾನರು ಇದ್ದಿದ್ದರೆ ಮೊದಲ ವಾರವೇ ಬಾಗಿಲಲ್ಲಿ ನಿಂತು "ಶಾಲು ಕಪ್ಪಾಯ್ತು" ಅಂದು ಹೋಗುತ್ತಿದ್ದರು. ಟೀಚರ್ ಮುಖ ಗಂಟಿಕ್ಕಿಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದರೋ ಏನೋ. ಅವರ ಜಾಗದಲ್ಲಿ ನಾನು ನಿಂತಿದ್ದೆ, ಚಿತ್ರಕಲೆ ಓದಿದವನು, ಅರ್ಧ ಪುಟ ಬರೆದು ಕೊಟ್ಟೆ.

ಹಾಗಾದರೆ ದುಃಖ ಇರಲೇ ಇಲ್ಲವಾ ಅಂತ ಒಮ್ಮೆ ಕೇಳಿಯೇ ಬಿಟ್ಟೆ. "ಇತ್ತು. ಆದರೆ ಅದು ಶಾಲಲ್ಲಿ ಇರಲಿಲ್ಲ" ಅಂದರು. ಬಾಯಿ ನೋಡು ಅಂದರು.

ಎಷ್ಟೋ ಸಲ ನೋಡಿದ ಚಿತ್ರ. ತುಟಿ ಸ್ವಲ್ಪ ತೆರೆದಿದೆ, ಕೆಳತುಟಿಯ ಅಂಚು ಎರಡು ಕಡೆ ಇದ್ದ ಹಾಗಿದೆ, ಕೆರೆದು ಮತ್ತೆ ಬರೆದ ಗುರುತು ಬಣ್ಣದ ಕೆಳಗೆ ಉಬ್ಬಾಗಿ ಕೈಗೆ ಸಿಗುತ್ತದೆ. ಅಷ್ಟು ಜಾಗದಲ್ಲಿ ಮಾತ್ರ ಬಣ್ಣ ದಪ್ಪ. ಹನ್ನೊಂದು ಸಲ ಕೆರೆದೆ ಅಂದರು. ಬರೆಯುವಾಗ ಬಾಯಿ ಒಂದೇ ಕಡೆ ನಿಲ್ಲುತ್ತಿರಲಿಲ್ಲವಂತೆ. ಯಾಕೆ ಅಂದೆ.

"ಅವರ ಹತ್ರ ಮಾತಾಡ್ತಾ ಬರೀತಿದ್ದೆ ಕಣೋ. ಕಣ್ಣು ಸರಿ ಇದ್ಯಾ, ಕುತ್ತಿಗೆ ಸರಿ ಇದ್ಯಾ ಅಂತ ಕೇಳ್ತಿದ್ದೆ."

ಕಳೆದ ತಿಂಗಳು ಚಿತ್ರ ಮತ್ತೆ ಒಂದು ಪ್ರದರ್ಶನಕ್ಕೆ ಹೋಯಿತು. ಪಕ್ಕದ ಚೀಟಿಯನ್ನು ಈ ಸಲ ಟೀಚರೇ ಬರೆದರು. ಒಂದೇ ಸಾಲು: ಸ್ವಂತ ಭಾವಚಿತ್ರ, ಕ್ಯಾನ್ವಾಸಿನ ಮೇಲೆ ತೈಲವರ್ಣ, ಶಾಲು ನೀಲಿ.